ಸ್ವೀಡನ್ನಿನ ಕಾಲುವೆ, ಸರೋವರಗಳಲ್ಲಿ 10 ದಿನ: ನಾಲ್ಕು ಜನಕ್ಕೆ ಯಾವ ದೋಣಿ, ಯಾವ ದಾರಿ?

ದೋಣಿಹುಚ್ಚು, ಬಸವನಗುಡಿ

ಮುಂದಿನ ಜೂನ್–ಜುಲೈನಲ್ಲಿ ನಾಲ್ಕು ಜನ ಸ್ವೀಡನ್ನಿಗೆ ಹೊರಡೋ ಯೋಚನೆ. ಟೂರ್ ಬಸ್ಸು, ಮ್ಯೂಸಿಯಂ ಏನೂ ಬೇಡ, 10 ದಿನ ನೀರಿನ ಮೇಲೇ ಇರಬೇಕು. ಇಬ್ಬರು ಹೊನ್ನೆಮರಡಿನಲ್ಲಿ ಕಯಾಕ್ ಕಲಿತಿದ್ದಾರೆ. ಇನ್ನಿಬ್ಬರಿಗೆ ಹಲಸೂರು ಕೆರೆಯ ದೋಣಿ ಬಿಟ್ಟರೆ ಬೇರೆ ಅನುಭವ ಇಲ್ಲ. ಎಲ್ಲರಿಗೂ ಈಜು ಬರುತ್ತೆ. ಒಬ್ಬರಿಗೆ ಮಂಡಿನೋವು, ಎತ್ತರಕ್ಕೆ ಹತ್ತಿ ಇಳಿಯೋದು ಕಷ್ಟ.

ಈಗ ಕಾಗದದ ಮೇಲಿರೋ ಪ್ಲಾನ್: ಗೋಥೆನ್‌ಬರ್ಗ್‌ನಲ್ಲಿ ಕ್ಯಾಬಿನ್ ಇರೋ ಸಣ್ಣ ಮೋಟಾರ್ ದೋಣಿ ಬಾಡಿಗೆಗೆ ತಗೊಂಡು, ತ್ರೋಲ್‌ಹೆತ್ತೆ ಕಾಲುವೆ ಹತ್ತಿ, ವೆನೆರ್ನ್ ಸರೋವರ ದಾಟಿ, ಗೋಟಾ ಕಾಲುವೆ ಪೂರ್ತಿ ಮುಗಿಸಿ ಬಾಲ್ಟಿಕ್ ಸಮುದ್ರ ಮುಟ್ಟೋದು. ಇದು 10 ದಿನದಲ್ಲಿ ಆಗೋ ಕೆಲಸವಾ? ಲೈಸೆನ್ಸ್ ಬೇಕಾ? ಲಾಕ್‌ಗಳಲ್ಲಿ, ಅಂದ್ರೆ ದೋಣಿಯನ್ನ ನೀರಿನ ಜೊತೆ ಏರಿಸಿ ಇಳಿಸೋ ಬಾಗಿಲಿನ ತೊಟ್ಟಿಗಳಲ್ಲಿ, ಹೊಸಬರು ಎಲ್ಲಿ ಎಡವುತ್ತಾರೆ? ಮೋಟಾರ್ ಬಿಟ್ಟು ಕೆನೂ (ಹುಟ್ಟು ಹಾಕೋ ತೆರೆದ ದೋಣಿ) ತಗೊಂಡರೆ ಹೇಗೆ? ಗೊತ್ತಿರೋರು ವಿವರವಾಗಿ ಹೇಳಿ.

---

ತೂಬುಬಾಗಿಲು

ಪ್ಲಾನ್ ಚೆನ್ನಾಗಿದೆ, ಆದರೆ 10 ದಿನಕ್ಕೆ ಒಗ್ಗಲ್ಲ. ಲೆಕ್ಕ ನೋಡಿ. ತ್ರೋಲ್‌ಹೆತ್ತೆ ಕಾಲುವೆ 82 ಕಿ.ಮೀ, 6 ಲಾಕ್, 44 ಮೀಟರ್ ಏರು. ಗೋಟಾ ಕಾಲುವೆ 190 ಕಿ.ಮೀ, 58 ಲಾಕ್. ಇವೆರಡರ ನಡುವೆ ವೆನೆರ್ನ್. ಅದರ ವಿಸ್ತಾರ ಸುಮಾರು 5,650 ಚದರ ಕಿ.ಮೀ, ಅಂದ್ರೆ ನಮ್ಮ ಬೆಂಗಳೂರು ನಗರ ಜಿಲ್ಲೆಯ ಎರಡೂವರೆ ಪಟ್ಟು. ಅದನ್ನ ಕೆರೆ ಅಂದ್ಕೊಂಡು ಹೊರಡಬೇಡಿ. ಗೋಟಾ ಕಾಲುವೆಯಲ್ಲಿ ವೇಗದ ಮಿತಿ 5 ನಾಟ್, ಗಂಟೆಗೆ 9 ಕಿ.ಮೀ ಆಸುಪಾಸು. ದೋಣಿಯ ಅಲೆ ದಡದ ಮಣ್ಣನ್ನ ಕೊರೆಯುತ್ತೆ ಅಂತ ಈ ಮಿತಿ. ಅದರ ಮೇಲೆ ಸೇತುವೆ ಎತ್ತೋವರೆಗೆ ಕಾಯೋದು, ಲಾಕ್‌ಗೆ ಸಾಲು ನಿಲ್ಲೋದು. ಈ ಕಾಲುವೆ ಒಂದಕ್ಕೇ ಐದು ದಿನಕ್ಕಿಂತ ಕಡಿಮೆ ಇಟ್ಕೊಂಡ್ರೆ ಅದು ಪ್ರವಾಸ ಅಲ್ಲ, ಡ್ಯೂಟಿ.

ಇನ್ನೊಂದು ತೊಡಕು: ಬಾಡಿಗೆ ದೋಣಿಯನ್ನ ಸಾಮಾನ್ಯವಾಗಿ ತಗೊಂಡ ಕಡೆಯೇ ವಾಪಸ್ ಕೊಡಬೇಕು. ಸಮುದ್ರ ಮುಟ್ಟಿದ ಮೇಲೆ ಅಷ್ಟೇ ದೂರ ಹಿಂದಿರುಗಬೇಕಾಗುತ್ತೆ.

ನನ್ನ ಸಲಹೆ ಪಶ್ಚಿಮದ ಅರ್ಧ ಮಾತ್ರ. ವೆನೆರ್ನ್ ದಡದ ಶೋತೊರ್ಪ್‌ನಿಂದ ವೆತ್ತೆರ್ನ್ ದಡದ ಕಾರ್ಲ್ಸ್‌ಬೊರಿವರೆಗೆ, ಸುಮಾರು 66 ಕಿ.ಮೀ, 21 ಲಾಕ್. ಹೋಗೋಕೆ ನಾಲ್ಕು ದಿನ, ಬರೋಕೆ ನಾಲ್ಕು ದಿನ, ಗಾಳಿಗೋ ಮಳೆಗೋ ಎರಡು ದಿನ. ಎರಡೂ ದೊಡ್ಡ ಸರೋವರಗಳಿಗೆ ಇಳಿಯೋ ಅಗತ್ಯವೇ ಇಲ್ಲ. ನಡುವೆ ಸಿಗೋ ವೀಕೆನ್ ಸರೋವರ ಕಾಲುವೆಯ ಅತಿ ಎತ್ತರದ ಜಾಗ, ಸಮುದ್ರಮಟ್ಟದಿಂದ 91.8 ಮೀಟರ್. ದ್ವೀಪಗಳ ಸಂದಿಯಲ್ಲಿ ಹೋಗೋ ಆ ದಾರಿ ಇಡೀ ಕಾಲುವೆಯಲ್ಲೇ ಚೆಂದ ಅಂತ ನನ್ನ ಅಭಿಪ್ರಾಯ. ವೀಕೆನ್ ಬಾಗಿಲಲ್ಲಿರೋ ಟೋತೊರ್ಪ್ ಲಾಕನ್ನ ಇವತ್ತಿಗೂ ಕೈಯಿಂದಲೇ ತೆಗೀತಾರೆ. ಫೊರ್ಶ್ವಿಕ್‌ನಲ್ಲಿರೋದು ಕಾಲುವೆಯ ಅತ್ಯಂತ ಹಳೇ ಲಾಕ್, 1813ರದ್ದು. ಕಾಲುವೆ ತೋಡಿದ್ದು 1810ರಿಂದ 1832ರವರೆಗೆ, ಶುರು ಮಾಡಿಸಿದವರು ಬಾಲ್ತ್ಸಾರ್ ಫೊನ್ ಪ್ಲಾತೆನ್. ಅಗೆದವರು ಹೆಚ್ಚಾಗಿ ಸೈನಿಕರು, ಸುಮಾರು 58,000 ಜನ.

ಲೈಸೆನ್ಸ್: 12 ಮೀಟರ್ ಉದ್ದ, 4 ಮೀಟರ್ ಅಗಲದ ಒಳಗಿನ ದೋಣಿಗೆ ಸ್ವೀಡನ್ನಿನಲ್ಲಿ ಕಾನೂನಿನ ಪ್ರಕಾರ ಬೇಡ. ಆದರೆ ಬಾಡಿಗೆ ಕೊಡೋರು ತಮ್ಮದೇ ಷರತ್ತು ಹಾಕಬಹುದು, ಇಮೇಲ್‌ನಲ್ಲಿ ಮೊದಲೇ ಕೇಳಿ, ಉತ್ತರ ಇಟ್ಕೊಳ್ಳಿ. ಹಾಗೇ ಫೋನಿನಲ್ಲಿ 'ಗೋಟಾ' ಅಂದ್ರೆ ಆ ಕಡೆಯವರಿಗೆ ತಟ್ಟನೆ ಹೊಳೆಯಲ್ಲ. ಬರೆಯೋದು ಹಾಗೆ, ಅನ್ನೋದು 'ಯೋತಾ'.

ತಿಂಗಳ ವಿಚಾರ. ಜೂನ್ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಲಾಕ್‌ಗಳು ದಿನವೂ ನಡೀತಾವೆ, ನಿಮ್ಮ ಪಾಡಿಗೆ ಹೋಗಬಹುದು. ಅದರ ಆಚೆ ಈಚೆ ಮೊದಲೇ ಬುಕ್ ಮಾಡಿ, ದೋಣಿಗಳ ಗುಂಪಿನ ಜೊತೆ ಸಾಗಬೇಕು. ಜೂನ್ 19ರಿಂದ 25ರೊಳಗೆ ಬರೋ ಶುಕ್ರವಾರ ಮಿಡ್‌ಸೊಮ್ಮರ್ ಹಬ್ಬ. ಆ ದಿನ ನಮ್ಮ ಆಯುಧಪೂಜೆ ಮಧ್ಯಾಹ್ನದ ಚಿಕ್ಕಪೇಟೆ ಥರ, ಅಂಗಡಿ ಬಾಗಿಲು ಹಾಕಿರುತ್ತೆ, ದೋಣಿಕಟ್ಟೆ ಮಾತ್ರ ತುಂಬಿ ತುಳುಕ್ತಿರುತ್ತೆ. ಆ ವಾರ ಬಿಟ್ಟು ಹೊರಡಿ.

---

ಹಗ್ಗದ ತುದಿ

ಲಾಕ್ ಬಗ್ಗೆ ನಾನು ಬರೀತೀನಿ. ದೋಣಿಗೆ ಗೀರು ಬೀಳೋದು, ಬಾಡಿಗೆಯ ಠೇವಣಿ ಹಣ ಹೋಗೋದು ಬಹುಪಾಲು ಇಲ್ಲೇ.

ಲಾಕ್ ಅಂದ್ರೆ ಎರಡೂ ತುದಿಗೆ ಬಾಗಿಲಿರೋ ಕಲ್ಲಿನ ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ, ಮುಂದಿನ ಬಾಗಿಲ ಕಡೆಯ ತೂಬು ತೆಗೀತಾರೆ. ಮೇಲಿನ ನೀರು ನುಗ್ಗಿ ತೊಟ್ಟಿ ತುಂಬುತ್ತೆ, ದೋಣಿ ಏರುತ್ತೆ. ಒಂದೊಂದು ಲಾಕ್ ಸರಾಸರಿ ಎರಡೂವರೆ ಮೀಟರ್. ಇಳಿಯೋವಾಗ ಇದೇ ಉಲ್ಟಾ. ಇಳಿಯೋದು ಸುಲಭ, ಬಾತ್‌ಟಬ್ ಖಾಲಿ ಆದ ಹಾಗೆ ಸದ್ದಿಲ್ಲದೆ ಆಗುತ್ತೆ. ಏರೋವಾಗ ಮಾತ್ರ ನೀರು ಮುಂದಿನಿಂದ ರಭಸವಾಗಿ ಬಂದು ದೋಣಿಯ ಮೂತಿಯನ್ನ ಗೋಡೆಯಿಂದ ದೂರ ತಳ್ಳುತ್ತೆ. ಆಗ ಮೂತಿಯ ಹಗ್ಗ ಸಡಿಲ ಇದ್ದರೆ ದೋಣಿ ಅಡ್ಡಡ್ಡ ತಿರುಗಿ ಪಕ್ಕದವರ ದೋಣಿಗೆ ಗುದ್ದುತ್ತೆ.

ನೀವು ನಾಲ್ಕು ಜನ ಇರೋದು ಒಳ್ಳೇದಾಯ್ತು. ಮಂಡಿನೋವಿನವರು ಸ್ಟಿಯರಿಂಗ್ ಹಿಡೀಲಿ, ಅವರು ಇಳಿಯೋದೇ ಬೇಡ. ಒಬ್ಬರು ದಡಕ್ಕೆ, ಒಬ್ಬರು ಮೂತಿಯ ಹಗ್ಗಕ್ಕೆ, ಒಬ್ಬರು ಹಿಂದಿನ ಹಗ್ಗಕ್ಕೆ. ಲಾಕ್ ನಡೆಸೋರು ಬಾಗಿಲು ನೋಡ್ಕೋತಾರೆ, ಹಗ್ಗ ನಿಮ್ಮದೇ ಜವಾಬ್ದಾರಿ.

ಏರೋ ಕ್ರಮ ಹೀಗೆ. ಲಾಕಿಗೆ ಮೊದಲು ಕಾಯೋ ಕಟ್ಟೆ ಇರುತ್ತೆ, ದಡದವರು ಅಲ್ಲೇ ಇಳಿದು ಗೋಡೆಯ ಮೇಲೆ ಹೋಗಿ ನಿಲ್ಲಬೇಕು. ಒಳಗೆ ಬಂದ ಮೇಲೆ ಗೋಡೆ ತಲೆಗಿಂತ ಮೇಲಿರುತ್ತೆ, ಅಲ್ಲಿಂದ ಹತ್ತೋಕಾಗಲ್ಲ. ಹಸಿರು ದೀಪ ಬಿದ್ದ ಮೇಲೆ ದೋಣಿ ನಿಧಾನ ಒಳಗೆ. ಮೊದಲು ಹಿಂದಿನ ಹಗ್ಗ ಎಸೆಯಿರಿ. ದಡದವರು ಅದರ ಕುಣಿಕೆಯನ್ನ ದೋಣಿಯ ಹಿಂಬದಿಗೆ ನೇರ, ದಡದ ಮೇಲಿರೋ ಕಬ್ಬಿಣದ ಬಳೆಗೆ ಸಿಕ್ಕಿಸಬೇಕು. ಇದರಿಂದ ದೋಣಿ ನಿಲ್ಲುತ್ತೆ. ಆಮೇಲೆ ಮೂತಿಯ ಹಗ್ಗ. ಇದನ್ನ ದೋಣಿಯ ಮೂತಿಗಿಂತ ಸಾಕಷ್ಟು ಮುಂದಿರೋ ಬಳೆಗೆ ಹಾಕಬೇಕು, ತಲೆಯ ಮೇಲೆ ನೆಟ್ಟಗೆ ಅಲ್ಲ. ಹಗ್ಗ ಓರೆಯಾಗಿ ಮುಂದಕ್ಕೆ ಎಳೆದಾಗ ಮಾತ್ರ ಮೂತಿ ಗೋಡೆಗೆ ಅಂಟಿಕೊಂಡಿರುತ್ತೆ. ದೋಣಿಯ ಮೇಲಿನ ತುದಿಯನ್ನ ಕ್ಲೀಟಿಗೆ (ಹಗ್ಗ ಸುತ್ತೋಕೆ ದೋಣಿಯಲ್ಲಿರೋ ಗೂಟ) ಒಂದೇ ಸುತ್ತು ಸುತ್ತಿ ಕೈಯಲ್ಲಿ ಹಿಡಿದಿರಿ, ನೀರು ಏರಿದಂತೆಲ್ಲ ಎಳೆದುಕೊಳ್ತಾ ಹೋಗಿ. ಒಂದು ಸುತ್ತು ಇದ್ದರೆ ಭಾರವನ್ನ ಕ್ಲೀಟ್ ಹೊರುತ್ತೆ, ನಿಮ್ಮ ತೋಳು ಅಲ್ಲ. ಹಗ್ಗಕ್ಕೂ ಕ್ಲೀಟಿಗೂ ನಡುವೆ ಬೆರಳು ಯಾವತ್ತೂ ಹೋಗಬಾರದು. ಕೈಗೆ ಗ್ಲೋವ್ಸ್ ಇರಲಿ.

ಇಳಿಯೋವಾಗ ದೊಡ್ಡ ತಪ್ಪು ಒಂದೇ: ಹಗ್ಗವನ್ನ ಕ್ಲೀಟಿಗೆ ಗಟ್ಟಿಯಾಗಿ ಕಟ್ಟಿ ಫೋಟೋ ತೆಗೆಯೋಕೆ ಹೋಗೋದು. ನೀರು ಕೆಳಗಿಳಿಯುತ್ತೆ, ದೋಣಿ ಹಗ್ಗದಲ್ಲಿ ನೇತಾಡುತ್ತೆ, ಒಂದೋ ವಾಲಿಕೊಳ್ಳುತ್ತೆ ಇಲ್ಲವೇ ಕ್ಲೀಟ್ ಕಿತ್ತು ಬರುತ್ತೆ. ಇಳಿಯೋವಾಗ ಹಗ್ಗ ಬಳೆಯೊಳಗಿಂದ ಹಾದು ಎರಡೂ ತುದಿ ದೋಣಿಯಲ್ಲೇ ಇರಲಿ, ಬಿಡ್ತಾ ಹೋಗಿ. ಬಿಗಿದುಕೊಂಡರೆ ಕೊಯ್ಯೋಕೆ ಕೈಗೆಟಕೋ ಹಾಗೆ ಒಂದು ಚಾಕು.

ಸಾಮಾನು: 20 ಮೀಟರಿನ ಹಗ್ಗ ಎರಡು, 12–14 ಮಿ.ಮೀ ದಪ್ಪ, ಒಂದು ತುದಿಗೆ ದೊಡ್ಡ ಕುಣಿಕೆ. ನೀರಿನಲ್ಲಿ ತೇಲೋ ಅಗ್ಗದ ಪ್ಲಾಸ್ಟಿಕ್ ಹಗ್ಗ ಬೇಡ, ಕ್ಲೀಟಿನ ಮೇಲೆ ಜಾರುತ್ತೆ, ಪ್ರೊಪೆಲರ್‌ಗೂ ಬೇಗ ಸಿಕ್ಕಿಕೊಳ್ಳುತ್ತೆ. ಫೆಂಡರ್ ಅಂದ್ರೆ ದೋಣಿಯ ಪಕ್ಕಕ್ಕೆ ನೇತುಹಾಕೋ ಗಾಳಿದಿಂಬು, ಪ್ರತಿ ಪಕ್ಕಕ್ಕೆ ಕಡಿಮೆ ಅಂದ್ರೂ ನಾಲ್ಕು. ಏರಿ ಮುಗಿಯೋ ಹೊತ್ತಿಗೆ ಇವು ಗೋಡೆಯ ಅಂಚಿಗಿಂತ ಮೇಲೆ ಬಂದು ಪ್ರಯೋಜನಕ್ಕೆ ಬರದೆ ಹೋಗ್ತವೆ. ಒಂದೆರಡನ್ನ ನೀರಿಗೆ ತಾಗೋ ಹಾಗೆ ಕೆಳಗೆ ಕಟ್ಟಿ.

ತೂಬುಬಾಗಿಲು ಅವರ ದಾರಿಗೆ ನನ್ನ ಓಟು ಇದೆ, ಜೊತೆಗೊಂದು ಎಚ್ಚರಿಕೆ. ಶೋತೊರ್ಪ್ ಕಡೆಯಿಂದ ಹೊರಟರೆ ತೋರೆಬೂದಾ ಊರು ಬರೋ ಹೊತ್ತಿಗೇ 19 ಲಾಕ್ ಏರಿರುತ್ತೀರಿ. ಅಂದ್ರೆ ಕಷ್ಟದ ಪಾಠ ಎಲ್ಲ ಮೊದಲ ಎರಡು ದಿನದಲ್ಲೇ. ಬೇಗ ಕಲಿಯೋಕೆ ಒಳ್ಳೇದು, ಸೊಂಟಕ್ಕೆ ಅಲ್ಲ. ಮೊದಲ ದಿನ ಎಂಟು ಲಾಕಿಗಿಂತ ಹೆಚ್ಚು ಬೇಡ. ಪೂರ್ವದ ಅರ್ಧದಲ್ಲಿ 37 ಲಾಕ್ ಇವೆ, ಬೆರಿ ಅನ್ನೋ ಕಡೆ ಏಳು ಲಾಕ್ ಒಂದಕ್ಕೊಂದು ಅಂಟಿಕೊಂಡು 18.8 ಮೀಟರಿನ ಮೆಟ್ಟಿಲು. ನೋಡೋಕೆ ಅದ್ಭುತ. ನೋಡಬೇಕು ಅಂದ್ರೆ ಬಸ್ಸಲ್ಲಿ ಹೋಗಿ ದಡದಲ್ಲಿ ಐಸ್‌ಕ್ರೀಮ್ ತಿಂತಾ ಬೇರೆಯವರು ಹಗ್ಗ ಎಳೆಯೋದನ್ನ ನೋಡಿ.

---

ಗಾಳಿಲೆಕ್ಕ

ಮೇಲಿನ ಇಬ್ಬರ ಮಾತು ಸರಿ. ಆದರೆ ಹೊನ್ನೆಮರಡಿನಲ್ಲಿ ಹುಟ್ಟು ಹಾಕಿದವರನ್ನು 9 ಕಿ.ಮೀ ವೇಗದ ಡೀಸೆಲ್ ಸದ್ದಿಗೆ ಕೂರಿಸುವುದು ನನಗೆ ಒಪ್ಪಿಗೆಯಿಲ್ಲ. ಕೆನೂ ಬೇಕೆಂದರೆ ಗೋಟಾ ಕಾಲುವೆ ಬಿಟ್ಟುಬಿಡಿ. ಅಲ್ಲಿನ ಲಾಕ್‌ಗಳೊಳಗೆ ಕೆನೂ ಬಿಡುವುದಿಲ್ಲ, ಪ್ರತಿ ಲಾಕಿನಲ್ಲೂ ದಡಕ್ಕೆ ಎತ್ತಿ, ಎಳೆದು, ಮತ್ತೆ ಇಳಿಸಬೇಕು. 21 ಸಲ ಹಾಗೆ ಮಾಡಿದರೆ ಕೆನೂ ಪ್ರವಾಸ ಹಮಾಲಿ ಕೆಲಸವಾಗುತ್ತದೆ.

ದಾಲ್ಸ್‌ಲಾಂದ್‌ಗೆ ಹೋಗಿ. ವೆನೆರ್ನ್‌ನ ಪಶ್ಚಿಮಕ್ಕೆ, ನಾರ್ವೆ ಗಡಿಯವರೆಗೆ, ಉದ್ದುದ್ದ ಸರೋವರಗಳು ಸರಪಳಿಯಂತೆ ಸೇರಿಕೊಂಡಿವೆ. ದಾಲ್ಸ್‌ಲಾಂದ್ ಕಾಲುವೆ ಎನ್ನುವ ಸುಮಾರು 250 ಕಿ.ಮೀ ಜಲಮಾರ್ಗದಲ್ಲಿ ಮನುಷ್ಯರು ತೋಡಿದ್ದು ಹತ್ತು ಹನ್ನೆರಡು ಕಿ.ಮೀ ಮಾತ್ರ, ಉಳಿದದ್ದೆಲ್ಲ ಸರೋವರ. 1864ರಿಂದ 1868ರವರೆಗೆ ಕಟ್ಟಿಸಿದವರು ನಿಲ್ಸ್ ಎರಿಕ್ಸನ್. ಹೋವೆರೂದ್‌ನಲ್ಲಿ ಜಲಪಾತದ ಮೇಲೆ ಕಬ್ಬಿಣದ ತೊಟ್ಟಿ ಕಟ್ಟಿ, ಅದರೊಳಗೆ ದೋಣಿ ಸಾಗಿಸಿದ್ದಾರೆ. 32 ಮೀಟರ್ ಉದ್ದ, 33,000 ರಿವೆಟ್. ಲಾಕ್‌ಗಳು 31 ಇದ್ದರೂ ದೊಡ್ಡ ಸರೋವರಗಳಲ್ಲಿ ದಿನಗಟ್ಟಲೆ ಒಂದೂ ಅಡ್ಡ ಬರುವುದಿಲ್ಲ. ಕೆನೂ ಬಾಡಿಗೆಗೆ ಬೆಂಗ್ಟ್ಸ್‌ಫೊರ್ಸ್, ಎದ್ ಊರುಗಳು ಅನುಕೂಲ. ಎದ್‌ಗೆ ಗೋಥೆನ್‌ಬರ್ಗ್–ಓಸ್ಲೋ ರೈಲು ನಿಲ್ಲುತ್ತದೆ.

ಎರಡು ಕೆನೂ, ತಲಾ ಇಬ್ಬರು, ಹೊನ್ನೆಮರಡಿನವರು ಒಬ್ಬೊಬ್ಬರು ಒಂದೊಂದರ ಹಿಂದೆ. ದಿಕ್ಕು ತಿರುಗಿಸುವುದು ಹಿಂದೆ ಕೂತವರ ಕೆಲಸ. ಐದು ಮೀಟರಿನ ತೆರೆದ ಕೆನೂ 30–35 ಕಿಲೋ ತೂಗುತ್ತದೆ, ಲಗೇಜು ಬೇರೆ. ದಿನಕ್ಕೆ 15 ಕಿ.ಮೀ ಲೆಕ್ಕ ಹಾಕಿ, 20 ಅಂದುಕೊಂಡು ಬುಕ್ ಮಾಡಬೇಡಿ. ದಡದಲ್ಲಿ ಸಾಗಿಸಲು ಎರಡು ಚಕ್ರದ ಗಾಡಿಯನ್ನು ಬಾಡಿಗೆಯವರಲ್ಲೇ ಕೇಳಿ. ಭಾರವಾದ ಚೀಲ ನಡುವೆ, ತಳಕ್ಕೆ. ಹಿಂದೆ ಹೆಚ್ಚು ಭಾರವಾದರೆ ಮೂತಿ ಮೇಲೇಳುತ್ತದೆ, ಎದುರುಗಾಳಿ ಅದನ್ನು ಹಾಳೆಯಂತೆ ತಿರುಗಿಸುತ್ತದೆ. ಎಲ್ಲ ಚೀಲಗಳನ್ನೂ ಕೆನೂಗೆ ಕಟ್ಟಿ.

ಮುಖ್ಯ ವಿಷಯ ಗಾಳಿ. ಸ್ವೀಡನ್ನಿನ ಹವಾಮಾನ ಇಲಾಖೆ ಎಸ್‌ಎಂಎಚ್‌ಐ ಗಾಳಿಯನ್ನು ಸೆಕೆಂಡಿಗೆ ಮೀಟರಿನಲ್ಲಿ ಹೇಳುತ್ತದೆ. 3.6ರಿಂದ ಗುಣಿಸಿದರೆ ಗಂಟೆಗೆ ಕಿ.ಮೀ. ಅಲ್ಲಿ '8' ಎಂದು ಓದಿ ತಂಗಾಳಿ ಅಂದುಕೊಂಡರೆ ಅದು 29 ಕಿ.ಮೀ. ಹೊಸಬರ ಕೆನೂಗೆ 5 ಬಂದರೆ ದಡದ ಪಕ್ಕ ಮಾತ್ರ, 7 ಬಂದರೆ ಟೆಂಟಿನಲ್ಲಿ. ಕ್ಯಾಬಿನ್ ದೋಣಿಯವರು ದೊಡ್ಡ ಸರೋವರಕ್ಕೆ 8 ದಾಟಿದರೆ ಇಳಿಯಬೇಡಿ. 14ಕ್ಕೆ ಅಧಿಕೃತ ಬಿರುಗಾಳಿ ಎಚ್ಚರಿಕೆ ಕೊಡುತ್ತಾರೆ, ಅಲ್ಲಿಯವರೆಗೆ ಕಾಯುವುದು ಸಣ್ಣ ದೋಣಿಯವರ ಲೆಕ್ಕವಲ್ಲ. ಬಿಸಿಲೇರಿದಂತೆ ಗಾಳಿ ಏಳುತ್ತದೆ, ಆದ್ದರಿಂದ ಬೆಳಿಗ್ಗೆ ಆರಕ್ಕೆ ಹೊರಟು ಹನ್ನೊಂದಕ್ಕೆ ಮುಗಿಸಿ. ಜೂನ್ ಕೊನೆಯಲ್ಲಿ ರಾತ್ರಿ ಹತ್ತರವರೆಗೂ ಬೆಳಕು, ಸಂಜೆಯ ಶಾಂತ ನೀರಿನಲ್ಲಿ ಇನ್ನೊಂದು ಸುತ್ತಿಗೂ ಸಮಯವಿದೆ. ಸ್ತೂರಾ ಲೇ, ಲೇಲೋಂಗ್ ಸರೋವರಗಳು ಉದ್ದವಾಗಿ, ಕಿರಿದಾಗಿ ಇರುವುದರಿಂದ ಗಾಳಿ ಅವುಗಳ ಉದ್ದಕ್ಕೆ ಬೀಸಿದಾಗ ತುದಿಯಲ್ಲಿ ಅಲೆ ಎದ್ದುಬಿಡುತ್ತದೆ. ದಡದಿಂದ ನೂರು ಮೀಟರಿನೊಳಗೇ ಇರಿ, ಅಡ್ಡ ದಾಟಬೇಕಾದರೆ ಅತಿ ಕಿರಿದಾದ ಜಾಗ ಹುಡುಕಿ.

ವೆತ್ತೆರ್ನ್ ಬಗ್ಗೆ ಪ್ರತ್ಯೇಕವಾಗಿ. ಕಾರ್ಲ್ಸ್‌ಬೊರಿ ಮುಟ್ಟಿದ ಮೇಲೆ 'ಎದುರಿನ ಮೂತಾಲಾ 30 ಕಿ.ಮೀ ಅಷ್ಟೇ, ಹೋಗಿಬರೋಣ' ಎಂಬ ಆಸೆ ಬರುತ್ತದೆ. ಆ ಸರೋವರ ಉತ್ತರ–ದಕ್ಷಿಣ ಸುಮಾರು 135 ಕಿ.ಮೀ ಉದ್ದ, ಗರಿಷ್ಠ ಆಳ 128 ಮೀಟರ್. ದಕ್ಷಿಣದ ಗಾಳಿಗೆ ನೂರು ಕಿ.ಮೀ ಓಟ ಸಿಗುತ್ತದೆ, ಅಲೆಗಳು ಗಿಡ್ಡ, ಕಡಿದು, ಒಂದರ ಹಿಂದೆ ಒಂದು. ಆಳದ ನೀರು ಬಿಸಿಯಾಗಲು ಬಹಳ ದಿನ ಬೇಕು. ಮೇಲ್ಪದರ ಬೆಚ್ಚಗಾಗಿದ್ದರೂ ಗಾಳಿ ಅದನ್ನು ಒಂದು ದಡಕ್ಕೆ ತಳ್ಳಿದರೆ ಇನ್ನೊಂದು ದಡದಲ್ಲಿ ತಳದ ಥಂಡಿ ನೀರು ಮೇಲೆ ಬರುತ್ತದೆ. 'ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು' ಎನ್ನುವ ನಮ್ಮ ಗಾದೆ ಅಲ್ಲಿ ನಡೆಯುವುದಿಲ್ಲ. ಥಂಡಿ ನೀರಿಗೆ ಬಿದ್ದ ಮೊದಲ ನಿಮಿಷ ಉಸಿರು ತಾನಾಗಿ ಎಳೆದುಕೊಳ್ಳುತ್ತದೆ, ಆಗ ತಲೆ ನೀರಿನೊಳಗಿದ್ದರೆ ಈಜು ಬಲ್ಲವರೂ ನೀರು ಕುಡಿಯುತ್ತಾರೆ. ಹತ್ತಿಪ್ಪತ್ತು ನಿಮಿಷದಲ್ಲಿ ಬೆರಳು ಮಾತು ಕೇಳುವುದಿಲ್ಲ. ಅದಕ್ಕೇ ಲೈಫ್ ಜಾಕೆಟ್ ಮೈಮೇಲಿರಬೇಕು, ಸೀಟಿನ ಕೆಳಗಲ್ಲ. ಫೋನನ್ನು ನೀರು ಹೋಗದ ಚೀಲದಲ್ಲಿ ಹಾಕಿ ಮೈಗೇ ಕಟ್ಟಿಕೊಳ್ಳಿ. ತುರ್ತಿಗೆ 112.

---

ದೋಣಿಹುಚ್ಚು, ಬಸವನಗುಡಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಮುದ್ರ ಮುಟ್ಟೋ ಆಸೆ ಬಿಟ್ಟೆವು. ಈಗ ಮನೆಯಲ್ಲಿ ಎರಡು ಪಕ್ಷ ಆಗಿದೆ: ಮಂಡಿನೋವಿನವರು ಕ್ಯಾಬಿನ್ ದೋಣಿ ಕಡೆ, ಕಯಾಕ್‌ನವರು ದಾಲ್ಸ್‌ಲಾಂದ್ ಕಡೆ. 6 ದಿನ ಕಾಲುವೆ, 4 ದಿನ ಕೆನೂ ಅಂತ ಹಂಚಬಹುದಾ? ಊಟ, ಶೌಚ, ಟೆಂಟ್ ಹಾಕೋ ನಿಯಮ, ನಕ್ಷೆ ಇವುಗಳ ಬಗ್ಗೆಯೂ ಹೇಳಿ. ಇಲ್ಲಿಂದ ತಿಂಡಿ ಒಯ್ಯಬಹುದಾ?

---

ಬುತ್ತಿಗಂಟು

ಊಟದ ವಿಚಾರ ನನಗಿರಲಿ. ಹೊರಗಿನ ದೇಶದಿಂದ ಐರೋಪ್ಯ ಒಕ್ಕೂಟಕ್ಕೆ ಹಾಲಿನ ಪದಾರ್ಥ, ಮಾಂಸ ಒಯ್ಯೋ ಹಾಗಿಲ್ಲ. ಅಮ್ಮ ಕೊಟ್ಟ ತುಪ್ಪದ ಡಬ್ಬಿ, ಪೇಡ ಇಲ್ಲೇ ಬಿಡಿ. ಮೈಸೂರುಪಾಕಿನ ಆಸೆಯೂ ಬೇಡ, ಅದರಲ್ಲಿರೋದೇ ತುಪ್ಪ. ಹಸಿ ಕರಿಬೇವು, ಹಸಿಮೆಣಸಿನಕಾಯಿಗೂ ಪ್ರಮಾಣಪತ್ರ ಕೇಳ್ತಾರೆ. ಅವಲಕ್ಕಿ, ಎಣ್ಣೆಯಲ್ಲಿ ಹುರಿದ ಉಪ್ಪಿಟ್ಟಿನ ರವೆ, ಚಟ್ನಿಪುಡಿ, ಹುರಿಹಿಟ್ಟು, ಪುಳಿಯೋಗರೆ ಗೊಜ್ಜಿಗೆ ತೊಂದರೆ ಇಲ್ಲ. ಗೊಜ್ಜು ಮಾತ್ರ ಕೈಚೀಲದಲ್ಲಿ ಬೇಡ, ಚೆಕ್‌ಇನ್ ಲಗೇಜಿಗೆ ಹಾಕಿ. ನಾಲ್ಕು ಜನಕ್ಕೆ ಒಂದು ಬೆಳಗಿನ ತಿಂಡಿಗೆ ಗಟ್ಟಿ ಅವಲಕ್ಕಿ 400 ಗ್ರಾಂ ಸಾಕು. ನೆನೆಸಿದರೆ ಆಯ್ತು, ಒಲೆಯೇ ಬೇಡ.

ಒಲೆ ಅಂದ್ರೆ ಅಲ್ಲಿ ಸ್ಪಿರಿಟ್ ಉರಿಸೋ ಟ್ರಾಂಗಿಯಾ ಎಲ್ಲರ ಹತ್ತಿರ ಇರುತ್ತೆ, ಬಾಡಿಗೆಗೂ ಕೊಡ್ತಾರೆ. ಇಂಧನ ಅಲ್ಲೇ ಕೊಳ್ಳಬೇಕು, ವಿಮಾನದಲ್ಲಿ ಬಿಡಲ್ಲ. ಬೇಸಿಗೆ ಒಣಗಿದರೆ ಬೆಂಕಿ ನಿಷೇಧ ಹೊರಡಿಸ್ತಾರೆ, ಅವತ್ತು ಸೌದೆ ಬೆಂಕಿಯ ಮಾತೇ ಇಲ್ಲ. ನಿಷೇಧ ಇಲ್ಲದಾಗಲೂ ಬರೀ ಬಂಡೆಯ ಮೇಲೆ ಬೆಂಕಿ ಹಾಕಬೇಡಿ, ಕಾದ ಬಂಡೆ ಸೀಳುತ್ತೆ, ಆ ಗಾಯ ವಾಸಿ ಆಗಲ್ಲ.

ಟೆಂಟ್: ಅಲೆಮಾನ್ಸ್‌ರೆತ್ತೆನ್ ಅನ್ನೋ ಹಕ್ಕಿನ ಪ್ರಕಾರ ಬೇರೆಯವರ ಜಾಗದಲ್ಲೂ ಒಂದೆರಡು ರಾತ್ರಿ ತಂಗಬಹುದು. ಮನೆಯಿಂದ ದೂರ, ಬೆಳೆ ಇರೋ ಹೊಲದಲ್ಲಿ ಅಲ್ಲ, ಹೊರಡೋವಾಗ ಗುರುತೂ ಉಳೀಬಾರದು. ಹಕ್ಕಿಗಳು ಗೂಡು ಕಟ್ಟೋ ಕೆಲವು ದ್ವೀಪಗಳಿಗೆ ಬೇಸಿಗೆಯಲ್ಲಿ ಇಳಿಯೋದೇ ನಿಷಿದ್ಧ, ಬೋರ್ಡ್ ಇರುತ್ತೆ. ದಾಲ್ಸ್‌ಲಾಂದ್ ಕಡೆ ಸರೋವರದ ಅಂಚಿಗೆ ಮೂರು ಗೋಡೆಯ ಮರದ ಮಾಡು, ಒಲೆಕಟ್ಟು, ಒಣ ಶೌಚ ಇರೋ ತಂಗುದಾಣಗಳಿವೆ. ಅವಕ್ಕೆ ನಿಸರ್ಗ ಸಂರಕ್ಷಣೆಯ ಕಾರ್ಡ್ ಅಂತ ಒಂದು ಕೊಳ್ಳಬೇಕು, ಕೆನೂ ಕೊಡೋರ ಹತ್ತಿರವೇ ಸಿಗುತ್ತೆ.

ಕ್ಯಾಬಿನ್ ದೋಣಿಯ ಶೌಚದ ತೊಟ್ಟಿಯನ್ನ ನೀರಿಗೆ ಖಾಲಿ ಮಾಡೋ ಹಾಗಿಲ್ಲ. 2015ರ ಏಪ್ರಿಲ್ 1ರಿಂದ ಸರೋವರಗಳೂ ಸೇರಿ ಎಲ್ಲ ಕಡೆ ನಿಷೇಧ. ಕಟ್ಟೆಗಳಲ್ಲಿ ಹೀರೋ ಪಂಪ್ ಇರುತ್ತೆ. ದೋಣಿ ಕೈಗೆ ತಗೊಳ್ಳೋವಾಗಲೇ ತೊಟ್ಟಿ ಎಷ್ಟು ಲೀಟರ್, ತುಂಬಿದ್ದು ಎಲ್ಲಿ ಗೊತ್ತಾಗುತ್ತೆ, ಕೊಳವೆಯ ಮುಚ್ಚಳದ ಕೀ ಎಲ್ಲಿದೆ ಈ ಮೂರು ಕೇಳಿ. ನಾಲ್ಕು ಜನಕ್ಕೆ ಸಣ್ಣ ತೊಟ್ಟಿ ಎರಡು ದಿನಕ್ಕೇ ತುಂಬುತ್ತೆ, ಕಟ್ಟೆಯಲ್ಲಿದ್ದಾಗ ಕಟ್ಟೆಯದ್ದನ್ನೇ ಬಳಸಿ.

ಮೀನು ಹಿಡಿಯೋ ಆಸೆ ಇದ್ದರೆ ವೆನೆರ್ನ್, ವೆತ್ತೆರ್ನ್, ಮೆಲರೆನ್, ಯೆಲ್ಮರೆನ್, ಸ್ತೂರ್‌ಶೋನ್ ಈ ಐದು ದೊಡ್ಡ ಸರೋವರಗಳಲ್ಲಿ ಕೈಗಾಳಕ್ಕೆ ಶುಲ್ಕ ಇಲ್ಲ. ದಾಲ್ಸ್‌ಲಾಂದ್‌ನ ಸರೋವರಗಳಿಗೆ ಮೀನು ಕಾರ್ಡ್ ಬೇಕು. ಹುಲ್ಲಲ್ಲಿ ಓಡಾಡಿದ ದಿನ ರಾತ್ರಿ ಮೈ ಪೂರ್ತಿ ನೋಡ್ಕೊಳ್ಳಿ, ಉಣ್ಣೆ ಕಚ್ಚಿದ್ದರೆ ಚಿಮ್ಮಟದಲ್ಲಿ ಚರ್ಮದ ಹತ್ತಿರ ಹಿಡಿದು ನೆಟ್ಟಗೆ ಎಳೀಬೇಕು. ಎಣ್ಣೆ, ಬೆಂಕಿಕಡ್ಡಿ ಪ್ರಯೋಗ ಬೇಡ.

---

ಗಾಳಿಲೆಕ್ಕ

ನಕ್ಷೆ: ಗೂಗಲ್ ಮ್ಯಾಪ್ಸ್ ನೀರನ್ನು ನೀಲಿ ಬಣ್ಣದಲ್ಲಿ ತೋರಿಸುತ್ತದೆ, ನೀರಿನಡಿಯ ಬಂಡೆಯನ್ನಲ್ಲ. ಕ್ಯಾಬಿನ್ ದೋಣಿಗೆ ಮುದ್ರಿತ ಬೋತ್‌ಸ್ಪೊರ್ತ್‌ಕೂರ್ತ್ ನಕ್ಷೆಪುಸ್ತಕ ಒಂದು ಬೇಕೇ ಬೇಕು, ಫೋನಿನಲ್ಲಿ ಜಲನಕ್ಷೆಯ ಆ್ಯಪ್ ಅದರ ಜೊತೆಗೆ. ನೀರಿನ ಗುರುತುಗಂಬಗಳಲ್ಲಿ ಕೆಂಪು ಎಡಕ್ಕೆ, ಹಸಿರು ಬಲಕ್ಕೆ, ಸಮುದ್ರದಿಂದ ಒಳಗೆ ಬರುವಾಗ. ಸರೋವರದಲ್ಲಿ 'ಒಳಗೆ' ಎಂದರೆ ಯಾವ ಕಡೆ ಎಂಬುದನ್ನು ನಕ್ಷೆಯ ಬಾಣ ಹೇಳುತ್ತದೆ. ವಾಪಸ್ ಬರುವಾಗ ಅದು ತಿರುಗುಮುರುಗು ಎಂಬುದನ್ನು ಮರೆತವರೇ ಬಂಡೆಗೆ ತಾಗಿಸುವುದು.

ಹಂಚಿಕೆ 6+4 ಆಗುತ್ತದೆ. ಆದರೆ ಆರು ದಿನದಲ್ಲಿ ಕಾರ್ಲ್ಸ್‌ಬೊರಿವರೆಗೆ ಹೋಗಿಬರುವ ಹಟ ಬೇಡ. ವೀಕೆನ್ ಮುಟ್ಟಿ ಒಂದು ರಾತ್ರಿ ಅಲ್ಲಿದ್ದು ತಿರುಗಿ ಬನ್ನಿ. ಫೊರ್ಶ್ವಿಕ್ ಲಾಕಿಗೆ ಎರಡು ಸಲ ಹಗ್ಗ ಎಳೆಯುವುದೂ ಉಳಿಯುತ್ತದೆ.

---

ಹಗ್ಗದ ತುದಿ

ಇನ್ನೊಂದು. ಹೊರಡೋ ಮುಂಚೆ ಟೆರೇಸಿನ ಮೇಲೆ ಅಭ್ಯಾಸ ಮಾಡಿ. 20 ಮೀಟರ್ ಹಗ್ಗವನ್ನ ಅರ್ಧರ್ಧ ಸುರುಳಿ ಮಾಡಿ ಎರಡೂ ಕೈಯಲ್ಲಿ ಹಿಡಿದು, ಮೊದಲು ಬಲಗೈ ಸುರುಳಿ ಎಸೆದು ಎಡಗೈಯದ್ದು ತಾನಾಗಿ ಬಿಚ್ಚಿಕೊಂಡು ಹೋಗೋಕೆ ಬಿಡೋದು. ಕೆಳಗಿನ ತುದಿ ಕಾಲಿಗೆ ಸುತ್ತಿಕೊಂಡಿರಬಾರದು. ಒಂದು ಮಹಡಿಯ ಮೆಟ್ಟಿಲ ಕೆಳಗಿಂದ ಮೇಲಿನವರ ಕೈಗೆ ಹತ್ತರಲ್ಲಿ ಎಂಟು ಸಲ ಸಿಗೋವರೆಗೆ. ಲಾಕಿನ ಗೋಡೆ ಆ ಮೆಟ್ಟಿಲಿಗಿಂತ ಎತ್ತರ ಏನೂ ಇರಲ್ಲ, ನೆನೆದ ಹಗ್ಗದ ತೂಕ ಮಾತ್ರ ಹೆಚ್ಚು. ಹಾಗಾಗಿ ಕೊನೆ ಎರಡು ದಿನ ಬಕೆಟ್ ನೀರಲ್ಲಿ ಅದ್ದಿ ಎಸೆಯಿರಿ.